ಕಣ್ಣು ಸರಿಯಿದ್ರೂ ಎಡಗಡೆ ಪ್ರಪಂಚ ಯಾಕೆ ಮಾಯ ಆಗುತ್ತೆ?

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರು ತಟ್ಟೆಯ ಬಲಗಡೆ ಇರೋ ಅನ್ನ ಸಾರು ಪೂರ್ತಿ ಖಾಲಿ ಮಾಡಿ, ಎಡಗಡೆ ಪಲ್ಯ ಹಾಗೇ ಇದ್ರೂ "ಪಲ್ಯ ಹಾಕ್ಲೇ ಇಲ್ವಲ್ಲ" ಅಂತ ಕೇಳೋದುಂಟು. ಮನೆಯವರು ದೃಷ್ಟಿ ಹೋಯ್ತು ಅಂದ್ಕೋತಾರೆ, ಇಲ್ಲಾಂದ್ರೆ ಹಠ ಅಂತ ಬೈತಾರೆ, ಪಾಪ, ಎರಡೂ ಅಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಎಷ್ಟೋ ಜನರಿಗೆ ಗಮನವೇ ಎಡಕ್ಕೆ ಹೋಗಲ್ಲ. ಡಾಕ್ಟರುಗಳು ಇದನ್ನ ನೆಗ್ಲೆಕ್ಟ್ ಅಂತಾರೆ.

1941ರಲ್ಲಿ ಲಂಡನ್ನಿನ ರಸೆಲ್ ಬ್ರೈನ್ ಅನ್ನೋ ಡಾಕ್ಟರು, ತಮ್ಮ ಮನೆಯೊಳಗೇ ಎಡಕ್ಕೆ ತಿರುಗೋ ಕಡೆ ಬಲಕ್ಕೆ ತಿರುಗಿ ದಾರಿ ತಪ್ತಿದ್ದ ಪೇಷಂಟ್‌ಗಳ ಬಗ್ಗೆ ಬರೆದು, ಇದು ಕಣ್ಣಿನ ತೊಂದರೆನೂ ಅಲ್ಲ ಮರೆವೂ ಅಲ್ಲ ಅಂದ್ರು.

ನನ್ನ ಪ್ರಕಾರ ಇದನ್ನ ಖಚಿತ ಮಾಡಿದ್ದು 1978ರಲ್ಲಿ ಇಟಲಿಯ ಮಿಲಾನ್ ಊರಲ್ಲಿ ನಡೆದ ಪ್ರಯೋಗ. ಬಿಸಿಯಾಕ್ ಮತ್ತೆ ಲುಝಾಟಿ ಅನ್ನೋ ಸಂಶೋಧಕರು ಅಲ್ಲಿನ ಇಬ್ಬರು ಪೇಷಂಟ್‌ಗಳಿಗೆ, ಊರಿನ ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ ಚರ್ಚ್ ಕಡೆ ಮುಖ ಮಾಡಿ ನಿಂತಿದ್ದೀರ ಅಂದ್ಕೊಳ್ಳಿ, ಏನೇನಿದೆ ಹೇಳಿ ಅಂದ್ರು, ಹೆಚ್ಚುಕಡಿಮೆ ಬಲಗಡೆ ಕಟ್ಟಡಗಳಷ್ಟೇ ಬಂತು. ಆಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಚೌಕದ ಕಡೆ ನೋಡ್ತಿದ್ದೀರ ಅಂದಾಗ ಮೊದಲು ಬಿಟ್ಟಿದ್ದ ಕಟ್ಟಡಗಳನ್ನೇ ಹೇಳಿದ್ರು, ಮೊದಲು ಹೇಳಿದ್ದನ್ನ ಬಿಟ್ರು! ಅಂದ್ರೆ ನೆನಪು ಪೂರ್ತಿ ಇತ್ತು, ಮನಸ್ಸಲ್ಲಿ ಮೂಡಿದ ಚಿತ್ರದಲ್ಲೂ ಎಡಗಡೆಗೆ ಗಮನ ಹೋಗ್ತಿರಲಿಲ್ಲ.

1988ರಲ್ಲಿ ಮಾರ್ಷಲ್ ಮತ್ತೆ ಹ್ಯಾಲಿಗನ್ ಅನ್ನೋ ಸಂಶೋಧಕರು ಇದೇ ತೊಂದರೆ ಇದ್ದ ಒಬ್ಬ ಹೆಂಗಸಿಗೆ ಎರಡು ಮನೆಯ ಚಿತ್ರ ತೋರಿಸಿದ್ರು, ಒಂದರ ಎಡಗಡೆ ಬೆಂಕಿ ಹತ್ತಿತ್ತು. ಆ ಹೆಂಗಸು ಎರಡೂ ಒಂದೇ ಥರ ಇದೆ ಅಂದ್ರು, ಆದ್ರೆ ಯಾವುದ್ರಲ್ಲಿ ಇರ್ತೀರ ಅಂದ್ರೆ ಹೆಚ್ಚಿನ ಸಲ ಬೆಂಕಿ ಇಲ್ಲದ್ದನ್ನೇ ತೋರಿಸ್ತಿದ್ರು. ಮೆದುಳಿಗೆ ಎಲ್ಲೋ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಬಲ ಮೆದುಳಿಗೇ ಯಾಕೆ ಹೀಗೆ ಜಾಸ್ತಿ ಅಂದ್ರೆ, ಎಡ ಮೆದುಳು ಮುಖ್ಯವಾಗಿ ಬಲಗಡೆನ ಗಮನಿಸುತ್ತೆ, ಬಲ ಮೆದುಳು ಎರಡೂ ಕಡೆನ ಗಮನಿಸುತ್ತೆ ಅನ್ನೋದು ಹೆಚ್ಚಿನವರು ಒಪ್ಪೋ ವಿವರಣೆ, ಹಾಗಾಗಿ ಅದು ಕೆಟ್ರೆ ಎಡಗಡೆ ನೋಡ್ಕೊಳ್ಳೋಕೆ ಯಾರೂ ಉಳಿಯಲ್ಲ.

1998ರಲ್ಲಿ ಫ್ರಾನ್ಸಿನ ರೊಸೆಟ್ಟಿ ತಂಡ ನೆಗ್ಲೆಕ್ಟ್ ಇದ್ದವರಿಗೆ ದೃಷ್ಟಿನ 10 ಡಿಗ್ರಿ ಬಲಕ್ಕೆ ಸರಿಸೋ ಪ್ರಿಸಂ ಕನ್ನಡಕ ಹಾಕಿ ಸ್ವಲ್ಪ ಹೊತ್ತು ಬೆರಳು ತೋರಿಸೋ ಅಭ್ಯಾಸ ಮಾಡಿಸ್ತು, ತೆಗೆದ ಮೇಲೂ ಕನಿಷ್ಠ ಎರಡು ಗಂಟೆ ಸುಧಾರಣೆ ಕಂಡಿತು. ಆಮೇಲಿನ ಪ್ರಯೋಗಗಳಲ್ಲಿ ಎಲ್ಲರಿಗೂ ಅಷ್ಟು ಗುಣ ಕಾಣಲಿಲ್ಲ. ಥೆರಪಿಯಲ್ಲಿ ಇನ್ನೂ ಸರಳವಾದ ಉಪಾಯವೂ ಇದೆ, ಓದೋ ಹಾಳೆಯ ಎಡ ಅಂಚಲ್ಲಿ ದಪ್ಪ ಕೆಂಪು ಗೆರೆ ಎಳೆದು, ಪ್ರತಿ ಸಾಲಿಗೂ ಮೊದಲು ಆ ಗೆರೆ ಹುಡುಕಿ ಆಮೇಲೆ ಓದಿ ಅಂತ ಕಲಿಸ್ತಾರೆ, ಇದನ್ನ ಮನೆಯವರೂ ಮಾಡಿಸಬಹುದು.