ಅಡವಿಟ್ಟಿದ್ದು ಮರ್ಯಾದೆ: ಸಾಲ ವಸೂಲಿಯ ನೂರೈವತ್ತು ವರ್ಷ

ನಮ್ಮ ಚಿಕ್ಕಮ್ಮನ ಊರು ಮಂಡ್ಯದ ಕಡೆ. ಅಲ್ಲಿ ಪ್ರತಿ ಗುರುವಾರ ಬೆಳಗ್ಗೆ ಸಂಘದ ಮೀಟಿಂಗ್. ಒಂದು ಸಲ ನಾನು ಹೋಗಿದ್ದಾಗ ಎದುರು ಮನೆಯ ಜಗಲಿ ಮೇಲೆ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಫೈನಾನ್ಸ್‌ನ ಹುಡುಗ ತೊಡೆ ಮೇಲೆ ಬ್ಯಾಗ್ ಇಟ್ಟುಕೊಂಡು ನೋಟು ಎಣಿಸುತ್ತಿದ್ದ. ಒಬ್ಬಾಕೆಯ ಕಂತಿಗೆ 650 ರೂಪಾಯಿ ಕಡಿಮೆ ಬಿತ್ತು. ಅವನು ಬೈಯಲಿಲ್ಲ, ಕೂಗಾಡಲಿಲ್ಲ. "ಅಕ್ಕಾ, ನಿಮ್ದು ಆಗೋವರೆಗೂ ಯಾರೂ ಏಳೋ ಹಾಗಿಲ್ಲ" ಅಂದ. ಅಷ್ಟೇ.

ಕೂಲಿಗೆ ಹೊರಡಬೇಕಾದವರು, ಮಕ್ಕಳಿಗೆ ಡಬ್ಬಿ ಕಟ್ಟಬೇಕಾದವರು, ಡೈರಿಗೆ ಹಾಲು ಹಾಕಬೇಕಾದವರು ಎಲ್ಲರೂ ಆಕೆಯ ಕಡೆ ನೋಡಿದರು. ಆಕೆ ಸೆರಗಿನ ತುದಿ ಸುತ್ತುತ್ತಾ ನೆಲ ನೋಡುತ್ತಿದ್ದಳು. ಹದಿನೈದು ನಿಮಿಷ ಆದ ಮೇಲೆ ಚಿಕ್ಕಮ್ಮನೇ ಒಳಗೆ ಹೋಗಿ ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ದುಡ್ಡು ತಂದು ಕೊಟ್ಟರು. ಮುಂದಿನ ಗುರುವಾರ ಆಕೆ ಮೀಟಿಂಗ್‌ಗೆ ಬರಲೇ ಇಲ್ಲವಂತೆ. ಅವತ್ತು ಸಂಜೆ ಹುಡುಗನ ಜೊತೆ ಅವನ ಮೇಲಿನವನೂ ಬಂದು, ರಾತ್ರಿ ಒಂಬತ್ತರವರೆಗೆ ಆಕೆಯ ಬಾಗಿಲಲ್ಲೇ ಕೂತಿದ್ದರಂತೆ.

ಈ ಸಾಲಕ್ಕೆ ಒಡವೆ ಬೇಡ, ಜಮೀನಿನ ಪತ್ರ ಬೇಡ. ಹಾಗಿದ್ದರೂ ದುಡ್ಡು ವಾಪಸ್ ಬರುತ್ತದೆ ಅನ್ನುವ ಧೈರ್ಯ ಕೊಡುವವರಿಗೆ ಎಲ್ಲಿಂದ ಬರುತ್ತದೆ? ಆ ಹದಿನೈದು ನಿಮಿಷದಿಂದ ಬರುತ್ತದೆ. ಅಡವಿಡಲು ಏನೂ ಇಲ್ಲದವರ ಹತ್ತಿರ ಉಳಿದಿರುವುದು ಮರ್ಯಾದೆ ಒಂದೇ. ಸಾಲ ನಿಂತಿರುವುದು ಅದರ ಮೇಲೆ.

ಇದು ಇವತ್ತಿನ ಕತೆಯೂ ಅಲ್ಲ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು. ಸಿಕ್ಕಿದ್ದನ್ನೆಲ್ಲ ಸುಟ್ಟರು. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿದ ಪತ್ರ ಕೋರ್ಟಿಗೆ ಹೋಗುತ್ತಿತ್ತು. ಸಾಹುಕಾರ ಹೇಳಿದ ಮೊತ್ತಕ್ಕೆ ಡಿಕ್ರಿ, ಅಂದರೆ ಕಟ್ಟಲೇಬೇಕೆಂಬ ಕೋರ್ಟಿನ ಆದೇಶ, ಆಗುತ್ತಿತ್ತು. ಎತ್ತು, ಹೊಲ ಹೋಗುತ್ತಿದ್ದವು. ಆ ಗಲಭೆಯ ನಂತರ ಬ್ರಿಟಿಷ್ ಸರ್ಕಾರ ವಿಚಾರಣಾ ಆಯೋಗ ಮಾಡಿ, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಪತ್ರದಲ್ಲಿ ಬರೆದಿದ್ದನ್ನು ಸುಮ್ನೆ ಒಪ್ಪಬೇಡಿ, ಅಸಲು ಎಷ್ಟು, ಬಡ್ಡಿ ಎಷ್ಟು ಸೇರಿದೆ ಅಂತ ಲೆಕ್ಕ ಬಿಡಿಸಿ ನೋಡಿ ಎಂದು ಅದು ಕೋರ್ಟುಗಳಿಗೆ ಹೇಳಿತು. ಸಾಲದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದನ್ನೂ ನಿಲ್ಲಿಸಿತು.

ಅಲ್ಲಿಂದ ಮುಂದೆ ಇದೇ ಕ್ರಮ. ಮೊದಲು ಜನ ನೋಯುತ್ತಾರೆ, ಆಮೇಲೆ ನಿಯಮ ಬರುತ್ತದೆ. ಅಷ್ಟರಲ್ಲಿ ಸಾಲ ಕೊಡುವವನು ಬೇರೆ ವೇಷದಲ್ಲಿ ಬಂದಿರುತ್ತಾನೆ.

ನಡುವೆ ಒಳ್ಳೆಯ ದಾರಿಗಳನ್ನು ಕಂಡುಕೊಂಡವರೂ ಇದ್ದರು. ಅವರಲ್ಲಿ ನಮ್ಮವರೂ ಇದ್ದರು ಅನ್ನುವುದನ್ನು ನಾವು ಮರೆತಿದ್ದೇವೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಊರಿನ ದುಡ್ಡು ಊರಿನವರಿಗೇ ಸಾಲವಾಗಿ ಸಿಗಬೇಕು ಎಂಬುದು ಅದರ ಹಿಂದಿನ ಯೋಚನೆ. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಇಸಿದುಕೊಂಡು ಹೋಗುತ್ತಿದ್ದ. ಅದು ಜನರದೇ ಉಳಿತಾಯ. ಬಾಗಿಲಿಗೆ ಬಂದವನನ್ನು ಕೂರಿಸಿ ಮಾತಾಡಿಸಿ ಕಳಿಸುವಂಥ ಸಂಬಂಧ. ಇವತ್ತು ಅದೇ ಹೊತ್ತಿಗೆ ಬೈಕಿನ ಸದ್ದು ಕೇಳಿದರೆ ಹೆಂಗಸರು ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಾರೆ.

1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದಿತು. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಗಳು, ದುರ್ಬಲ ವರ್ಗದವರು ಖಾಸಗಿ ಲೇವಾದೇವಿದಾರರಿಂದ ಪಡೆದ ಸಾಲ ಮನ್ನಾ ಆಯಿತು. ಗಿರವಿ ಇಟ್ಟ ಪಾತ್ರೆ, ಒಡವೆ ವಾಪಸ್ ಕೊಡಬೇಕಾಯಿತು. ಅದಾಗಿ ನಾಲ್ಕು ವರ್ಷಕ್ಕೆ, 1980ರಲ್ಲಿ, ಸುಪ್ರೀಂ ಕೋರ್ಟಿನಿಂದ ಇನ್ನೊಂದು ದೊಡ್ಡ ಮಾತು ಬಂತು. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಕೊಡಲು ಶಕ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸುವಂತಿಲ್ಲ ಎಂದರು. ಕೈಯಲ್ಲಿ ದುಡ್ಡಿದ್ದೂ ಮೋಸದಿಂದ ಕೊಡದವನ ಮಾತು ಬೇರೆ. ಬಡತನ ಅಪರಾಧವಲ್ಲ ಎಂಬುದು ಆ ತೀರ್ಪಿನ ತಿರುಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ನೋಡಿದರೂ ಇದೇ ಕಾಳಜಿ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕಸುಬಿನವರ ಸಲಕರಣೆ, ರೈತನ ಬೇಸಾಯದ ಸಾಮಾನು ಇವನ್ನು ಕೋರ್ಟೂ ಜಪ್ತಿ ಮಾಡುವಂತಿಲ್ಲ. ಕೋರ್ಟಿಗೇ ಇಲ್ಲದ ಅಧಿಕಾರವನ್ನು ಕಲೆಕ್ಷನ್‌ಗೆ ಬಂದವನು ಚಲಾಯಿಸುತ್ತಾನೆ. ಗ್ಯಾಸ್ ಸಿಲಿಂಡರ್, ಮಿಕ್ಸಿ ಎತ್ತಿಕೊಂಡು ಹೋಗುತ್ತಾನೆ.

ಗುಂಪಿನ ಸಾಲಕ್ಕೆ ಬರೋಣ. ಇದರ ಒಂದು ಬೇರು ಕರ್ನಾಟಕದಲ್ಲೇ ಇದೆ. 1980ರ ದಶಕದಲ್ಲಿ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ನಮ್ಮ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳನ್ನು ಬೆಳೆಸಿತು. ಒಬ್ಬರನ್ನೊಬ್ಬರು ಬಲ್ಲ ಹೆಂಗಸರು ವಾರ ವಾರ ಉಳಿಸಿ, ಆ ದುಡ್ಡನ್ನು ತಮ್ಮಲ್ಲೇ ಸಾಲ ಕೊಟ್ಟುಕೊಳ್ಳುತ್ತಿದ್ದರು. ಬಡ್ಡಿ ಎಷ್ಟು ಅಂತ ಅವರೇ ತೀರ್ಮಾನಿಸುತ್ತಿದ್ದರು. ಯಾರದೋ ಮನೆಯಲ್ಲಿ ಕಾಯಿಲೆ ಅಂದರೆ ಕಂತು ಮುಂದೂಡುತ್ತಿದ್ದರು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಶುರು ಮಾಡಿತು.

ಆಮೇಲೆ ಬಂದ ಮೈಕ್ರೋಫೈನಾನ್ಸ್ ಕಂಪನಿಗಳದ್ದೂ ಗುಂಪೇ. ಆದರೆ ಇಲ್ಲಿ ದುಡ್ಡು ಹೊರಗಿನದು, ಬಡ್ಡಿ ಹೊರಗಿನವರು ಇಟ್ಟಿದ್ದು, ಕಾಯಿಲೆಗೆ ರಜೆ ಇಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಕ್ಕಪಕ್ಕದ ಮನೆಯವರ ವಿಶ್ವಾಸವೇ ವಸೂಲಿಯ ಕೆಲಸಕ್ಕೆ ಬಂತು. ನನಗೆ ತುಂಬಾ ಸಂಕಟ ಆಗುವುದು ಇಲ್ಲಿಯೇ. ಸಾಸಿವೆ ಡಬ್ಬಿಯಿಂದ ದುಡ್ಡು ಕೊಟ್ಟ ಚಿಕ್ಕಮ್ಮ ಈಗ ಆಕೆಯ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಮೂವತ್ತು ವರ್ಷ ಸೊಪ್ಪು ಸದೆ, ಹಬ್ಬದ ಒಬ್ಬಟ್ಟು ಹಂಚಿಕೊಂಡವರು ಇಬ್ಬರೂ.

ಬಡ್ಡಿಯ ಭಾಷೆಯಲ್ಲೂ ಒಂದು ಮೋಸ ಇದೆ. ಹಳ್ಳಿಯಲ್ಲಿ ಬಡ್ಡಿ ಅಂದರೆ ತಿಂಗಳ ಲೆಕ್ಕ. ನೂರಕ್ಕೆ ಮೂರು ರೂಪಾಯಿ ಅಂದರೆ ವರ್ಷಕ್ಕೆ 36 ರೂಪಾಯಿ. ಮೀಟರ್ ಬಡ್ಡಿಯವರು ನೂರಕ್ಕೆ ಹತ್ತು ಅಂದರೆ ವರ್ಷಕ್ಕೆ 120. ಫೈನಾನ್ಸ್‌ನವರು "ವರ್ಷಕ್ಕೆ 12 ಅಷ್ಟೇ, ಫ್ಲ್ಯಾಟ್" ಅಂದಾಗ ಅಗ್ಗ ಅನ್ನಿಸುತ್ತದೆ. ಆದರೆ ಪ್ರತಿ ತಿಂಗಳೂ ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಮೊದಲಿನ ಪೂರ್ತಿ ಮೊತ್ತದ ಮೇಲೇ ಹಾಕಿರುತ್ತಾರೆ. ಒಂದು ವರ್ಷದ ಮಾಸಿಕ ಕಂತಿನ ಸಾಲದಲ್ಲಿ ಆ 12 ನಿಜಕ್ಕೂ 21ರ ಮೇಲೆ ಹೋಗುತ್ತದೆ.

2009ರಲ್ಲಿ ಕೋಲಾರದಲ್ಲಿ ಇದು ಒಂದು ಸಲ ಒಡೆಯಿತು. ರೇಷ್ಮೆ ಕೆಲಸ ಕುಸಿದಿತ್ತು, ಕಂತು ಕಟ್ಟಲಾಗದ ಮನೆಗಳು ಹೆಚ್ಚಾಗಿದ್ದವು. ಮುಸ್ಲಿಂ ಸಮುದಾಯದ ಸ್ಥಳೀಯ ಅಂಜುಮನ್ ಸಮಿತಿ ಸಾಲ ಕಟ್ಟಬೇಡಿ ಎಂದು ಹೇಳಿತು. ಮರುವರ್ಷ ಆಂಧ್ರದಲ್ಲಿ ಅದಕ್ಕಿಂತ ದೊಡ್ಡ ಬಿಕ್ಕಟ್ಟು. ಕಿರುಕುಳ ಮತ್ತು ಆತ್ಮಹತ್ಯೆಗಳ ವರದಿಗಳ ನಂತರ 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು, ವಾರದ ಕಂತು ನಿಂತಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೆಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಬಡ್ಡಿಗೆ ಶೇ 26ರ ಮಿತಿ ಬಂತು, ಒಬ್ಬ ಸಾಲಗಾರರಿಗೆ ಎರಡಕ್ಕಿಂತ ಹೆಚ್ಚು ಮೈಕ್ರೋಫೈನಾನ್ಸ್ ಕಂಪನಿಗಳು ಸಾಲ ಕೊಡುವಂತಿಲ್ಲ ಎಂದಾಯಿತು.

ಪಟ್ಟಣದ ಕತೆ ಬೇರೆ ಥರ ಸಾಗಿತ್ತು. ವಾಹನ ಸಾಲ, ಕ್ರೆಡಿಟ್ ಕಾರ್ಡ್ ವಸೂಲಿಗೆ ಬ್ಯಾಂಕುಗಳು ಗಟ್ಟಿಮುಟ್ಟಾದ ಹುಡುಗರನ್ನು ಕಳಿಸುತ್ತಿದ್ದವು. ದಾರಿಯಲ್ಲಿ ಅಡ್ಡಗಟ್ಟಿ ಗಾಡಿ ಸೀಜ್ ಮಾಡುತ್ತಿದ್ದರು. ತೋಳ್ಬಲ ಬಳಸಿ ವಸೂಲಿ ಮಾಡುವುದು ತಪ್ಪು, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಖಾಸಗಿ ಬ್ಯಾಂಕೊಂದರ ಪ್ರಕರಣದಲ್ಲಿ ಹೇಳಿತು. 2008ರಲ್ಲಿ ರಿಸರ್ವ್ ಬ್ಯಾಂಕ್ ವಸೂಲಿ ಏಜೆಂಟರಿಗೆ ನಿಯಮ ಮಾಡಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಫೋನ್ ಆ್ಯಪ್‌ಗಳು ಬಂದವು. ಐದು ನಿಮಿಷಕ್ಕೆ ಸಾಲ, ಬದಲಿಗೆ ಫೋನಿನಲ್ಲಿರುವ ಎಲ್ಲ ನಂಬರ್‌ಗಳು. ಕಂತು ತಪ್ಪಿದರೆ ಅತ್ತೆ ಮಾವನಿಗೆ, ಆಫೀಸಿನವರಿಗೆ, ಹಳೇ ಮೇಷ್ಟ್ರಿಗೆ ಸಂದೇಶ ಹೋಗುತ್ತಿತ್ತು. ಜಗಲಿಯ ಮೇಲಿನ ಹನ್ನೆರಡು ಜೋಡಿ ಕಣ್ಣುಗಳ ಜಾಗದಲ್ಲಿ ನಾನೂರು ಐನೂರು ಜನ. ಆ್ಯಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್ ಮುಟ್ಟುವಂತಿಲ್ಲ ಎಂಬ ನಿಯಮ ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ.

ಅದೇ ವರ್ಷ ಏಪ್ರಿಲ್‌ನಿಂದ ಮೈಕ್ರೋಫೈನಾನ್ಸ್‌ಗೂ ಹೊಸ ನಿಯಮ ಬಂತು. ವಸೂಲಿಯ ವಿಷಯದಲ್ಲಿ ಅದು ಚೆನ್ನಾಗಿಯೇ ಇದೆ. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನೆಂಟರು, ಗೆಳೆಯರು, ಜೊತೆ ಕೆಲಸದವರನ್ನು ಕಾಡುವಂತಿಲ್ಲ. ಸಾಲಗಾರರ ಹೆಸರು ಬಹಿರಂಗ ಮಾಡುವಂತಿಲ್ಲ. ಗೊತ್ತುಮಾಡಿದ ಜಾಗಕ್ಕೆ ಸತತವಾಗಿ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಚಿಕ್ಕಮ್ಮನ ಊರಿನಲ್ಲಿ ಆಕೆ ತಪ್ಪಿಸಿದ್ದು ಒಂದೇ ಗುರುವಾರ.

ಆದರೆ ಬಡ್ಡಿಯ ಮಿತಿಯನ್ನು ಅದೇ ನಿಯಮ ತೆಗೆದುಹಾಕಿತು. ಕುಟುಂಬದ ಆದಾಯದ ಅರ್ಧದವರೆಗೂ ಕಂತಿಗೆ ಹೋಗಬಹುದು ಎಂದಿತು. ತಿಂಗಳಿಗೆ 15,000 ದುಡಿಯುವ ಮನೆಯಲ್ಲಿ 7,500 ಕಂತಿಗೆ ಹೋದರೆ, ಉಳಿದ 7,500ರಲ್ಲಿ ಅಕ್ಕಿ, ಬಾಡಿಗೆ, ಔಷಧಿ, ಸ್ಕೂಲು ಫೀಸು ಎಲ್ಲ ಆಗಬೇಕು. ಈ ಮಿತಿಯನ್ನೂ ಎಷ್ಟೋ ಕಡೆ ಮೀರಿದರು. ಆದಾಯ ಜಾಸ್ತಿ ಬರೆದುಕೊಂಡು ಸಾಲ ಕೊಟ್ಟರು. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ, ಅದಕ್ಕೆ ಮತ್ತೊಂದರಲ್ಲಿ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮಳೆ ತಪ್ಪಿತು, ಕಂತು ತಪ್ಪಲಿಲ್ಲ.

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ರಾಮನಗರದ ಕಡೆಯಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಬರತೊಡಗಿತು. ಹಾವೇರಿ ಕಡೆಯ ಹೆಣ್ಣುಮಕ್ಕಳು ನಮ್ಮ ಮಾಂಗಲ್ಯ ಉಳಿಸಿ ಎಂದು ತಾಳಿಯನ್ನೇ ಅಂಚೆಯಲ್ಲಿ ಕಳಿಸುವ ಹೋರಾಟಕ್ಕೆ ಇಳಿದರು. ಸಿದ್ದರಾಮಯ್ಯನವರ ಸರ್ಕಾರ ಸುಗ್ರೀವಾಜ್ಞೆ ಸಿದ್ಧಮಾಡಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಶಿಕ್ಷೆ ಅತಿಯಾಯಿತು ಎಂದು ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು. ಸರ್ಕಾರ ಮತ್ತೆ ಕಳಿಸಿದಾಗ ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ಅದು ಮಸೂದೆಯಾಗಿ ಸದನದಲ್ಲಿ ಪಾಸಾಯಿತು. ದೂರು ಕೊಟ್ಟರೆ ಪೊಲೀಸರು ದಾಖಲಿಸದೆ ಇರುವಂತಿಲ್ಲ ಎಂಬ ಮಾತು ಅದರಲ್ಲಿದೆ. ನನ್ನ ಲೆಕ್ಕದಲ್ಲಿ ಅದೇ ಅದರ ದೊಡ್ಡ ಬಲ. ಆದರೆ ನೋಂದಣಿ ಕಡ್ಡಾಯ, ಸಾಲ ರದ್ದು ಮುಂತಾದ ಅಂಶಗಳೆಲ್ಲ ಲೈಸೆನ್ಸ್ ಇಲ್ಲದ ಲೇವಾದೇವಿಯವರಿಗೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳ ಸಾಲಕ್ಕೆ ಅವು ತಾಗುವುದಿಲ್ಲ. ಜಗಲಿ ಮೇಲೆ ಕೂತ ಹುಡುಗ ಅಂಥ ಕಂಪನಿಯವನೇ.

ಇನ್ನೊಂದು ಬಾಗಿಲು ಇತ್ತು. ಅದನ್ನು ತೆರೆಯಲೇ ಇಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಬಡ ಸಾಲಗಾರರಿಗೆ ಹೊಸದಾಗಿ ಬದುಕು ಶುರು ಮಾಡುವ ಅವಕಾಶ ಬರೆದಿದ್ದಾರೆ. ವರ್ಷದ ಆದಾಯ 60,000 ಮೀರದ, ಸಾಲ 35,000 ಮೀರದ, ಸ್ವಂತ ಮನೆ ಇಲ್ಲದವರು ಅರ್ಜಿ ಹಾಕಿ ಸಾಲದಿಂದ ಬಿಡುಗಡೆ ಪಡೆಯಬಹುದು. ಈ ಮೊತ್ತವೇ ತೀರಾ ಚಿಕ್ಕದು. ಅದಿರಲಿ, ಆ ಭಾಗ ಸಾಮಾನ್ಯ ಜನರ ಪಾಲಿಗೆ ಜಾರಿಗೇ ಬಂದಿಲ್ಲ. ಕಂಪನಿಗಳ ಭಾಗ ಮಾತ್ರ 2016ರಿಂದಲೇ ನಡೆಯುತ್ತಿದೆ. ಸಾವಿರಾರು ಕೋಟಿ ಬಾಕಿ ಇಟ್ಟ ಕಂಪನಿಯ ಸಾಲದಲ್ಲಿ ಬ್ಯಾಂಕುಗಳು ಕುಳಿತು ಮಾತಾಡಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಆ ಕಂಪನಿಯ ಯಜಮಾನರ ಬಾಗಿಲಲ್ಲಿ ಯಾರೂ ರಾತ್ರಿ ಒಂಬತ್ತರವರೆಗೆ ಕೂರುವುದಿಲ್ಲ, ಅಲ್ವಾ? 650 ರೂಪಾಯಿಗೆ ಕೂರುತ್ತಾರೆ.

ಮೊನ್ನೆ ಹೋದಾಗ ಚಿಕ್ಕಮ್ಮನ ಸಾಲದ ಕಾರ್ಡ್ ಇಸಿದುಕೊಂಡು ನೋಡಿದೆ. ಬಡ್ಡಿ, ಕಂತು, ದೂರು ಕೇಳುವ ಅಧಿಕಾರಿಯ ನಂಬರ್ ಎಲ್ಲವೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕಾರ್ಡಿನಲ್ಲೇ ಇರಬೇಕು ಎಂಬುದು ನಿಯಮ. ಇತ್ತು. ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಕಂಪನಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ದುಡ್ಡು ಕೊಡಬೇಕಾಗಿಲ್ಲ. ಮಾಹಿತಿಗೆ ಅವರ ನಂಬರ್ 14448. ಎರಡೂ ನಂಬರ್‌ಗಳನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದುಕೊಟ್ಟೆ. ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇನ್ನೊಂದು ಚೀಟಿಯಲ್ಲೂ ಬರೆದುಕೊಡು ಅಂದರು, ಅವತ್ತು ಕಂತಿಗೆ ಕಡಿಮೆ ಬಿದ್ದಿದ್ದ, ಎದುರು ಮನೆಯವರ ಪಕ್ಕದ ಆಕೆಗೆ.