ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟುತ್ತಿದ್ದರೆ

ಒಂದೇ ಕಾಲು ಬಾತುಕೊಳ್ಳುತ್ತದೆ. ಮೀನಖಂಡ ಬಿಗಿದು ಬಿಸಿಯಾಗುತ್ತದೆ. ಸ್ಕ್ಯಾನ್ ಮಾಡಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು. ಆಪರೇಷನ್ ಆಗಿತ್ತು, ಹೆರಿಗೆಯಾಗಿತ್ತು, ವಾರಗಟ್ಟಲೆ ಮಲಗಿದಲ್ಲೇ ಇದ್ದರು ಅಂದರೆ ಕಾರಣ ಸಿಕ್ಕಿತು. ಇದ್ಯಾವುದೂ ಇಲ್ಲದೆ ಬಂದರೆ? ಮಾತ್ರೆಯಿಂದ ವಾಸಿಯಾಗಿ, ಮತ್ತೆ ಬಂದರೆ?

ಈ ಪ್ರಶ್ನೆ ತುಂಬಾ ಹಳೆಯದು. 1865ರಲ್ಲಿ ಪ್ಯಾರಿಸ್‌ನ ವೈದ್ಯ ಆರ್ಮಾಂಡ್ ಟ್ರೂಸೋ ತಮ್ಮ ಪಾಠಗಳಲ್ಲಿ ಒಂದು ವಿಷಯ ಒತ್ತಿ ಹೇಳಿದರು: ಹೊಟ್ಟೆಯ ಕಾಯಿಲೆ ಯಾವುದೆಂದು ತಿಳಿಯದೆ ತಡಕಾಡುವಾಗ ಕಾಲಿನಲ್ಲೋ ಕೈಯಲ್ಲೋ ರಕ್ತ ಹೆಪ್ಪುಗಟ್ಟಿತೆಂದರೆ ಅದು ಕ್ಯಾನ್ಸರ್ ಎಂದೇ ತಿಳಿಯಬೇಕು. 1867ರ ಜನವರಿಯಲ್ಲಿ ಅದೇ ಲಕ್ಷಣ ಅವರಲ್ಲೇ ಕಾಣಿಸಿತು. ತನ್ನ ಕಾಯಿಲೆ ಏನೆಂಬ ಬಗ್ಗೆ ಇನ್ನು ಅನುಮಾನ ಉಳಿದಿಲ್ಲ ಎಂದು ಅವರು ಶಿಷ್ಯನಿಗೆ ಹೇಳಿದರು. ಜೂನ್‌ನಲ್ಲಿ ತೀರಿಕೊಂಡರು.

ಕ್ಯಾನ್ಸರ್ ಕೋಶಗಳು ರಕ್ತವನ್ನು ಗಟ್ಟಿಮಾಡುವ ಪದಾರ್ಥಗಳನ್ನು ಬಿಡುತ್ತವೆ. ಮೇದೋಜೀರಕ ಗ್ರಂಥಿ, ಜಠರ, ಶ್ವಾಸಕೋಶ, ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಇದು ಜಾಸ್ತಿ. ಹಾಗಾಗಿ ಗೆಡ್ಡೆ ಕಣ್ಣಿಗೆ ಬೀಳುವ ಮೊದಲೇ ಹೆಪ್ಪು ಕಾಣಿಸಿಕೊಳ್ಳಬಹುದು.

ಲೆಕ್ಕ ಸಿಕ್ಕಿದ್ದು ತಡವಾಗಿ. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಟಲಿಯ ವೈದ್ಯ ಪ್ರಾಂಡೋನಿ ಮತ್ತು ಜೊತೆಗಾರರು ಕಾಲಿನಲ್ಲಿ ಹೆಪ್ಪುಗಟ್ಟಿದವರನ್ನು ಎರಡು ವರ್ಷ ಗಮನಿಸಿದರು. ಕಾರಣ ಗೊತ್ತಿದ್ದವರಲ್ಲಿ ಶೇ 1.9 ಮಂದಿಗೆ ಕ್ಯಾನ್ಸರ್ ಪತ್ತೆಯಾಯಿತು. ಕಾರಣವಿಲ್ಲದವರಲ್ಲಿ ಶೇ 7.6. ಅವರಲ್ಲೂ ಮತ್ತೆ ಹೆಪ್ಪುಗಟ್ಟಿದವರಲ್ಲಿ ಶೇ 17.1. ಆ ಗುಂಪು ಚಿಕ್ಕದು, ನಿಜ. ಆದರೂ ಸುಮ್ನೆ ಬಿಡುವಂಥ ಅಂಕಿ ಅಲ್ಲ.

ಹಾಗಂತ ಎಲ್ಲರಿಗೂ ಮೈಯೆಲ್ಲಾ ಸ್ಕ್ಯಾನ್ ಮಾಡಿಸಬೇಕಾ? ಕೆನಡಾದಲ್ಲಿ 854 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಅವರಿಗೆ ಕಾರಣವಿಲ್ಲದೆ ಮೊದಲ ಸಲ ಹೆಪ್ಪುಗಟ್ಟಿತ್ತು. ಒಂದು ವರ್ಷದಲ್ಲಿ ಶೇ 3.9 ಮಂದಿಗೆ ಮಾತ್ರ ಕ್ಯಾನ್ಸರ್ ಕಂಡಿತು. ಸಾಮಾನ್ಯ ತಪಾಸಣೆಯ ಜೊತೆ ಹೊಟ್ಟೆಯ ಸಿಟಿ ಸ್ಕ್ಯಾನ್ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಸ್ಕ್ಯಾನ್‌ಗೆ ದುಡ್ಡು ಸುರಿಯುವ ಮೊದಲು ಮನೆಯವರು ಇದನ್ನು ತಿಳಿದಿರಬೇಕು.

ಬೇಕಾಗಿರುವುದು ಸಮಾಧಾನದಿಂದ ಕೂತು ಕೇಳುವ ವೈದ್ಯರು. ತೂಕ ಇಳಿದಿದೆಯಾ, ಊಟ ಸೇರುತ್ತಿದೆಯಾ, ಮಲದಲ್ಲಿ ರಕ್ತ ಹೋಗುತ್ತಿದೆಯಾ, ಕೆಮ್ಮು ನಿಲ್ಲುತ್ತಿಲ್ಲವಾ? ಇದರ ಜೊತೆಗೆ ಸಾಮಾನ್ಯ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ವಯಸ್ಸಿಗೆ ತಕ್ಕ ತಪಾಸಣೆ. ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರೂ ಮತ್ತೆ ಹೆಪ್ಪುಗಟ್ಟಿದರೆ, ಆಗ ಮಾತ್ರೆಯ ಡೋಸ್ ಬದಲಿಸಿ ಕೈತೊಳೆದುಕೊಳ್ಳಬಾರದು. ಇದು ಯಾಕೆ ಮತ್ತೆ ಬಂತು ಎಂದು ರೋಗಿಯೇ ಬಾಯಿಬಿಟ್ಟು ಕೇಳಬೇಕು.