ಒಂದೂವರೆ ಗಂಟೆಯ ಕಾರು, ಮೂರು ವಾರದ ಬಣ್ಣ

ಕಾರು ಕಂಪನಿಗಳ ಏಳುಬೀಳಿನ ಮಾತು ಬಂದರೆ ಎಲ್ಲರೂ ಇಂಜಿನ್ ಹತ್ತಿರ ಓಡುತ್ತಾರೆ. ಅದು ಬಿಟ್ಟರೆ ಬೆಲೆ, ಮೈಲೇಜು. ಬಣ್ಣ ಒಣಗಲು ಎಷ್ಟು ಹೊತ್ತು ಬೇಕಿತ್ತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಅದೇ ಹುಚ್ಚು.

ಹೆನ್ರಿ ಫೋರ್ಡ್ ಹೇಳಿದ್ದು ಅಂತ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ಗಿರಾಕಿ ಯಾವ ಬಣ್ಣ ಬೇಕಾದರೂ ಕೇಳಲಿ, ಅದು ಕಪ್ಪಾಗಿದ್ದರೆ ಸರಿ. ಇದನ್ನು ಹೇಳಿ ಮುದುಕನ ಹಟಕ್ಕೆ ನಗುವುದು ವಾಡಿಕೆ. ಬರೀ ಹಟವಾಗಿದ್ದರೆ ಮೊದಲ ದಿನದಿಂದಲೇ ಕಪ್ಪು ಇರಬೇಕಿತ್ತು ಅಲ್ವಾ? 1908ರಲ್ಲಿ ಬಂದ ಮಾಡೆಲ್ ಟಿ ಮೊದಲ ವರ್ಷಗಳಲ್ಲಿ ಹಸಿರು, ಕೆಂಪು, ಬೂದು ಬಣ್ಣಗಳಲ್ಲಿ ಸಿಗುತ್ತಿತ್ತು. ಕಪ್ಪೊಂದೇ ಆಗಿದ್ದು 1914ರಿಂದ 1925ರವರೆಗೆ.

1914ಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ನೋಡಿ. 1913ರಲ್ಲಿ ಫೋರ್ಡ್ ಕಾರ್ಖಾನೆಗೆ ಚಲಿಸುವ ಅಸೆಂಬ್ಲಿ ಲೈನ್ ಬಂತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ (ಕಾರಿನ ಅಡಿಯ ಚೌಕಟ್ಟು) ಜೋಡಣೆ 93 ನಿಮಿಷಕ್ಕೆ ಇಳಿಯಿತು. ಆದರೆ ಆಗಿನ ಒಳ್ಳೆಯ ಕಾರಿಗೆ ಬಣ್ಣ ಹಚ್ಚುವುದೆಂದರೆ ಕುದುರೆ ಗಾಡಿಯ ಕಾಲದ ಪದ್ಧತಿ. ಬ್ರಷ್ಷಿನಲ್ಲಿ ಒಂದು ಕೋಟ್, ಅದು ಒಣಗುವವರೆಗೆ ಕಾಯುವುದು, ಉಜ್ಜಿ ನುಣುಪು ಮಾಡುವುದು, ಮತ್ತೊಂದು ಕೋಟ್. ಎರಡರಿಂದ ನಾಲ್ಕು ವಾರ ಹೀಗೇ ಹೋಗುತ್ತಿತ್ತು. ದಿನಕ್ಕೆ ಸಾವಿರ ಕಾರು ಮಾಡುವ ಕಂಪನಿಯಲ್ಲಿ ಒಂದೊಂದಕ್ಕೂ ಮೂರು ವಾರ ಬಣ್ಣ ಒಣಗಬೇಕು ಅಂದುಕೊಳ್ಳಿ. ಯಾವ ದಿನ ಹೋಗಿ ನೋಡಿದರೂ 21,000 ಕಾರುಗಳು ಧೂಳು ಬೀಳದ ಕೋಣೆಗಳಲ್ಲಿ ಸುಮ್ನೆ ನಿಂತಿರುತ್ತವೆ. ಹಾಕಿದ ದುಡ್ಡೂ ಅವುಗಳ ಜೊತೆಗೇ ನಿಂತಿರುತ್ತದೆ.

ಫೋರ್ಡ್ ಕಂಡುಕೊಂಡ ದಾರಿ ಸರಳ. ಮಡ್‌ಗಾರ್ಡ್‌ನಂಥ ಲೋಹದ ಭಾಗಗಳನ್ನು ಡಾಂಬರಿನ ಜಾತಿಯ ವಸ್ತು ಬೆರೆಸಿದ ಎನಾಮೆಲ್‌ನಲ್ಲಿ ಮುಳುಗಿಸಿ ಒಲೆಯಲ್ಲಿ ಬೇಯಿಸುವುದು. ಗಟ್ಟಿ, ಅಗ್ಗ, ಬೇಗ. ಆದರೆ ಡಾಂಬರನ್ನು ಹಳದಿ ಮಾಡಲು ಬರುತ್ತದೆಯೇ?

ಈಗ ನನಗೆ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಬಣ್ಣ ಒಣಗುವುದು ಎಂದರೇನು? ಒದ್ದೆ ಬಟ್ಟೆ ಆರಿದ ಹಾಗೆ, ಒಳಗಿನ ದ್ರವ ಆವಿಯಾಗಿ ಹೋಗುವುದು ಅಂತ ತಾನೆ ನಮ್ಮ ಲೆಕ್ಕ? ಕುದುರೆ ಗಾಡಿಯ ಕಾಲದ ಆ ಬಣ್ಣ, ಅಂದರೆ ಹಳೆಯ ವಾರ್ನಿಷ್ ವಿಷಯದಲ್ಲಿ ಇದು ಪೂರ್ತಿ ತಪ್ಪು. ಅದರ ಜೀವಾಳ ಅಗಸೆ ಎಣ್ಣೆ. ಆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಗಾಜಿನ ತುಂಡಿಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ ಇವತ್ತು ತೂಗಿ, ಒಣಗಿದ ಮೇಲೆ ಮತ್ತೆ ತೂಗಿ. ತೂಕ ಜಾಸ್ತಿ ಆಗಿರುತ್ತದೆ! ಒದ್ದೆ ಬಟ್ಟೆ ಒಣಗಿ ಭಾರವಾದದ್ದನ್ನು ಯಾರಾದರೂ ನೋಡಿದ್ದಾರೆಯೇ?

ಹೋಲಿಕೆ ಬೇಕಾದರೆ ಸಿಮೆಂಟ್ ಇದೆ. ಸಿಮೆಂಟೂ ಆರಿ ಗಟ್ಟಿಯಾಗುವುದಿಲ್ಲ, ನೀರನ್ನು ತನ್ನೊಳಗೆ ಸೇರಿಸಿಕೊಂಡೇ ಗಟ್ಟಿಯಾಗುತ್ತದೆ. ಇನ್ನೊಂದು ಹೋಲಿಕೆ: ಸಭಾಂಗಣ ಖಾಲಿಯಾಗಿ ಗದ್ದಲ ನಿಲ್ಲುವುದು ಒಂದು ಬಗೆ. ಒಳಗಿದ್ದವರೆಲ್ಲ ಕೈಕೈ ಹಿಡಿದುಕೊಂಡು ಯಾರೂ ಅಲುಗಾಡದಂತಾಗುವುದು ಇನ್ನೊಂದು. ಎಣ್ಣೆಯದು ಎರಡನೆಯ ಬಗೆ. ಕೈ ಹಿಡಿಯುವ ಈ ಕೆಲಸದಲ್ಲಿ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಭೂತಚೇಷ್ಟೆ ಅಲ್ಲ, ಇದೇ ಆಮ್ಲಜನಕದ ಆಟ. ಕೋಟ್ ದಪ್ಪಗೆ ಹಚ್ಚಿ ಕೆಲಸ ಮುಗಿಸೋಣ ಎಂದರೂ ಆಗದು. ಮೇಲೆ ಕೆನೆ ಕಟ್ಟಿ, ಒಳಗೆ ಗಾಳಿ ಹೋಗದೆ, ಅಡಿಯಲ್ಲಿ ಹಸಿಯೇ ಉಳಿಯುತ್ತದೆ.

ಇನ್ನು ನೇಲ್ ಪಾಲಿಶ್ ನೋಡಿ. ಕೆಲವೇ ನಿಮಿಷದಲ್ಲಿ ಒಣಗುತ್ತದೆ. ರಿಮೂವರ್ ತಾಗಿಸಿದರೆ ಕರಗಿ ಬರುತ್ತದೆ. ಅಂದರೆ ಅಲ್ಲಿ ಯಾರೂ ಕೈ ಹಿಡಿದಿಲ್ಲ, ದ್ರಾವಕ ಎದ್ದು ಹೋಗಿದೆ ಅಷ್ಟೇ. ಮತ್ತೆ ಬಂದರೆ ಮತ್ತೆ ನೀರಾಗುತ್ತದೆ. ಅದರಲ್ಲಿರುವ ಮುಖ್ಯ ವಸ್ತು ನೈಟ್ರೊಸೆಲ್ಯುಲೋಸ್. ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿದರೆ ಸಿಗುತ್ತದೆ. ಅದರಲ್ಲೇ ನೈಟ್ರೋಜನ್ ಜಾಸ್ತಿ ಸೇರಿಸಿದರೆ ತೋಪಿಗೆ ತುಂಬುವ ಸ್ಫೋಟಕ! ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರಸಾಯನಶಾಸ್ತ್ರಜ್ಞ ಶೋನ್‌ಬೈನ್ 1846ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿ ಏಪ್ರನ್‌ನಿಂದ ಒರೆಸಿ ಒಣಗಲು ಹಾಕಿದಾಗ ಅದು ಭುಗ್ ಎಂದು ಉರಿದು ಮಾಯವಾಯಿತಂತೆ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಇದೇ ಸ್ಫೋಟಕವನ್ನು ರಾಶಿರಾಶಿ ಮಾಡಿತು. ಯುದ್ಧ ಮುಗಿಯಿತು, ಕಾರ್ಖಾನೆಗಳಿಗೆ ಬೇರೆ ಕೆಲಸ ಬೇಕಾಯಿತು. ನೈಟ್ರೊಸೆಲ್ಯುಲೋಸ್ ದ್ರಾವಣವನ್ನು ಕಾರಿಗೆ ಬಳಿಯಲು ಒಂದು ತೊಡಕಿತ್ತು. ಅದು ಅಂಟಿನಂತೆ ಗಟ್ಟಿ. ತೆಳು ಮಾಡಿದರೆ ಬಣ್ಣದ ಪುಡಿ ಸಾಲದು. 1920ರ ಜುಲೈನಲ್ಲಿ ನ್ಯೂಜೆರ್ಸಿಯ ಪಾರ್ಲಿನ್‌ನಲ್ಲಿ, ಡ್ಯುಪಾಂಟ್‌ನ ಫಿಲ್ಮ್ ತಯಾರಿಸುವ ಘಟಕದಲ್ಲಿ, ಸೆಕೆಯಲ್ಲಿ ಬಿಟ್ಟಿದ್ದ ದ್ರಾವಣ ತಾನಾಗಿಯೇ ತೆಳುವಾಗಿತ್ತು. ಉದ್ದುದ್ದ ಸರಪಳಿಯಂಥ ಅಣುಗಳು ತುಂಡಾಗಿದ್ದವು. ಈಗ ಬಣ್ಣದ ಪುಡಿಯನ್ನೂ ಧಾರಾಳವಾಗಿ ಬೆರೆಸಬಹುದಿತ್ತು, ಸ್ಪ್ರೇ ಕೂಡ ಮಾಡಬಹುದಿತ್ತು.

ಡ್ಯುಪಾಂಟ್‌ನವರಿಗೆ ಫೋರ್ಡ್‌ನ ಎದುರಾಳಿ ಕಂಪನಿ ಜನರಲ್ ಮೋಟರ್ಸ್‌ನಲ್ಲಿ (ಜಿ.ಎಂ.) ದೊಡ್ಡ ಪಾಲಿತ್ತು. ಅಲ್ಲಿನ ಸಂಶೋಧನಾ ವಿಭಾಗದ ಚಾರ್ಲ್ಸ್ ಕೆಟರಿಂಗ್, ಬಣ್ಣಕ್ಕೆ ಒಂದು ಗಂಟೆ ಸಾಕಲ್ವಾ ಎಂದು ಕೇಳಿ ತಜ್ಞರಿಂದ ನಗಿಸಿಕೊಂಡವರು. ಒಬ್ಬ ತಜ್ಞ ಇವರ ಜೊತೆ ಊಟ ಮುಗಿಸಿ ಹೊರಬರುವಷ್ಟರಲ್ಲಿ ಅವನ ಕಾರಿನ ಬಣ್ಣವೇ ಬದಲಾಗಿತ್ತಂತೆ. ಈ ಕಥೆಗೂ ಒಂದೆರಡು ಕೋಟ್ ಬಿದ್ದಿರಬಹುದು. 1923ರಲ್ಲಿ ಜಿ.ಎಂ.ನ ಓಕ್‌ಲ್ಯಾಂಡ್ ಕಾರು ನೀಲಿ ಬಣ್ಣದಲ್ಲಿ ಹೊರಬಂದಿತು. ಈ ನೈಟ್ರೊಸೆಲ್ಯುಲೋಸ್ ಬಣ್ಣದ ಹೆಸರು ಡ್ಯೂಕೋ. ಪೇಂಟರುಗಳ ಬಾಯಲ್ಲಿ ಇವತ್ತಿಗೂ ಕೇಳುವ ‘ಡ್ಯೂಕೋ’ ಇದೇ.

ಅದೇ ಹೊತ್ತಿಗೆ ಮೇಲ್ಛಾವಣಿ, ಬಾಗಿಲು ಇರುವ ಮುಚ್ಚಿದ ಕಾರುಗಳ ಕಾಲ ಬಂತು. 1919ರಲ್ಲಿ ಅಮೆರಿಕದ ಕಾರುಗಳಲ್ಲಿ ಹತ್ತರಲ್ಲೊಂದು ಅಂಥದ್ದು. 1927ಕ್ಕೆ ಅವೇ ಶೇ. 85. ಬಳಿಯಬೇಕಾದ ತಗಡೂ ಜಾಸ್ತಿಯಾಯಿತು, ನೋಡುವ ಕಣ್ಣೂ ಜಾಸ್ತಿಯಾದವು. ಬಣ್ಣವೊಂದೇ ಫೋರ್ಡ್‌ನನ್ನು ಕೆಡವಿತು ಎಂದರೆ ಉತ್ಪ್ರೇಕ್ಷೆ. ಕಂತಿನ ಸಾಲ, ಹಳೆ ಕಾರು ಕೊಟ್ಟು ಹೊಸದು ಒಯ್ಯುವ ರೂಢಿ, ಇವೂ ಇದ್ದವು. ಆದರೆ ವರ್ಷವರ್ಷವೂ ಕಾರಿನ ಮುಖ ಬದಲಿಸಿ ಮಾರುವ ಜಿ.ಎಂ. ಮುಖ್ಯಸ್ಥ ಸ್ಲೋನ್ ಅವರ ಆಟಕ್ಕೆ, ವಾರಗಟ್ಟಲೆ ಒಣಗುವ ವಾರ್ನಿಷ್ ಎಲ್ಲಿ ಸಾಲುತ್ತಿತ್ತು? ಒಂದು ಕಾಲಕ್ಕೆ ಅಮೆರಿಕದ ಅರ್ಧ ಮಾರುಕಟ್ಟೆ ಹಿಡಿದಿದ್ದ ಮಾಡೆಲ್ ಟಿ, 1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಯ ಗಡಿ ಮುಟ್ಟಿ ನಿಂತಿತು. ಅದೇ ವರ್ಷ ಜಿ.ಎಂ.ನ ಷೆವರ್ಲೆ ಮುಂದೆ ಹೋಯಿತು. ಡಿಸೆಂಬರ್‌ನಲ್ಲಿ ಬಂದ ಫೋರ್ಡ್‌ನ ಮಾಡೆಲ್ ಎ ಬಣ್ಣಬಣ್ಣದಲ್ಲಿತ್ತು.

ಇಂದಿಗೂ ಕಾರು ಕಾರ್ಖಾನೆಯಲ್ಲಿ ಶಕ್ತಿಯನ್ನು ಅತಿ ಹೆಚ್ಚು ನುಂಗುವ ಜಾಗ ಪೇಂಟ್ ಶಾಪ್. ಅದನ್ನೇ ತಪ್ಪಿಸಿಕೊಳ್ಳಲು ನೋಡಿದವರಿದ್ದಾರೆ. 1981ರ ಡಿಲೋರಿಯನ್ ಕಾರಿಗೆ ಬಣ್ಣವೇ ಇರಲಿಲ್ಲ, ಬರೀ ಸ್ಟೇನ್‌ಲೆಸ್ ಸ್ಟೀಲ್. ಮರುವರ್ಷವೇ ಕಂಪನಿ ದಿವಾಳಿಯಾಯಿತು. 2023ರಲ್ಲಿ ಟೆಸ್ಲಾ ತನ್ನ ಸೈಬರ್‌ಟ್ರಕ್ ಅನ್ನು ಮತ್ತೆ ಹಾಗೇ ಬಿಟ್ಟಿತು. ಬಾಗಿಲು ಮುಟ್ಟಿದರೆ ಬೆರಳ ಗುರುತು ಹಾಗೇ ಕೂರುತ್ತದೆ. ಡಿಲೋರಿಯನ್ ಮಾಲೀಕರು ಸಣ್ಣ ಗೀರುಗಳನ್ನು ತೆಗೆಯುವುದು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಂಥದ್ದರಿಂದ, ಲೋಹದ ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ.